ಹೋಪಿ ಊರುಗಳಿಗೆ ಹೋಗುವವರಿಗೆ: ಫೋನ್ ಜೇಬಿನಲ್ಲಿರಲಿ, ಪ್ರಶ್ನೆ ಕಡಿಮೆಯಿರಲಿ

ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವ ನಮ್ಮ ಜನರ ಪ್ಲ್ಯಾನ್ ಹೆಚ್ಚುಕಮ್ಮಿ ಒಂದೇ. ಸೌತ್ ರಿಮ್‌ನಲ್ಲಿ ಸೂರ್ಯಾಸ್ತ, ಮರುದಿನ ಪೇಜ್ ಅನ್ನುವ ಊರಿಗೆ ಹೋಗಿ ಆ್ಯಂಟಿಲೋಪ್ ಕ್ಯಾನ್ಯನ್, ಹಾರ್ಸ್‌ಶೂ ಬೆಂಡ್, ಅಲ್ಲಿಂದ ಸೀದಾ ವೇಗಸ್. ಊರಿಂದ ಅಪ್ಪ ಅಮ್ಮ ಬಂದಿದ್ದರೂ ಇದೇ ಸುತ್ತು. ಇದಕ್ಕೆ ಇನ್ನೊಂದು ದಿನ ಸೇರಿಸೋಕೆ ಆಗುತ್ತೆ ಅನ್ನುವವರಿಗೆ ಈ ಬರಹ. ಕ್ಯಾನ್ಯನ್‌ನಿಂದ ಪೂರ್ವಕ್ಕೆ ಮೂರು ಗಂಟೆ ಗಾಡಿ ಓಡಿಸಿದರೆ ಹೋಪಿ ಅನ್ನುವ ಮೂಲನಿವಾಸಿ ಬುಡಕಟ್ಟಿನ ಜನರ ಊರುಗಳು ಸಿಗುತ್ತವೆ. ಅಲ್ಲಿನ ಒರಾಯ್ಬಿ ಅನ್ನುವ ಊರಲ್ಲಿ ಕ್ರಿ.ಶ. 1100ರ ಆಸುಪಾಸಿನಿಂದ ಒಂದು ದಿನವೂ ಬಿಡದೆ ಜನ ವಾಸವಾಗಿದ್ದಾರೆ. ಇಡೀ ಅಮೆರಿಕದಲ್ಲೇ ಅಷ್ಟು ಹಳೆಯ ಊರುಗಳು ತೀರಾ ಕಡಿಮೆ.

ಮೊದಲೇ ಹೇಳಿಬಿಡುತ್ತೇನೆ, ಇದು ಎಲ್ಲರಿಗೂ ಹೊಂದುವ ಟ್ರಿಪ್ ಅಲ್ಲ. ಅಲ್ಲಿ ಫೋಟೊ ತೆಗೆಯುವಂತಿಲ್ಲ. ವಿಡಿಯೊ ಇಲ್ಲ, ಧ್ವನಿ ರೆಕಾರ್ಡಿಂಗ್ ಇಲ್ಲ, ಕೂತು ಪೆನ್ಸಿಲ್‌ನಲ್ಲಿ ಚಿತ್ರ ಬರೆಯುವುದೂ ಇಲ್ಲ. ಡ್ರೋನ್ ಅಂತೂ ಕನಸಲ್ಲೂ ಬೇಡ. ಹೆಂಡ ಇಡೀ ಪ್ರದೇಶದಲ್ಲೇ ನಿಷೇಧ, ಗಾಡಿಯ ಡಿಕ್ಕಿಯಲ್ಲಿ ಬಿಯರ್ ಇದ್ದರೆ ಹೊರಡುವ ಮೊದಲೇ ಇಳಿಸಿಬಿಡಿ. ಇಷ್ಟು ಕೇಳಿ ಮುಖ ಸಪ್ಪಗಾದರೆ ಪೇಜ್‌ಗೇ ಹೋಗಿ, ಅದೂ ಚೆನ್ನಾಗಿದೆ.

ದಾರಿ ಮತ್ತು ಗಡಿಯಾರ

ಸೌತ್ ರಿಮ್‌ನಿಂದ ಪೂರ್ವದ ಬಾಗಿಲ ಕಡೆ ಹೊರಡಿ. ದಾರಿಯಲ್ಲಿ ಡೆಸರ್ಟ್ ವ್ಯೂ ವಾಚ್‌ಟವರ್ ಸಿಗುತ್ತೆ. 1932ರಲ್ಲಿ ಮೇರಿ ಕೋಲ್ಟರ್ ಅನ್ನುವ ವಾಸ್ತುಶಿಲ್ಪಿ ಕಟ್ಟಿಸಿದ ಕಲ್ಲಿನ ಗೋಪುರ ಅದು. ಎಲ್ಲರೂ ಹೊರಗೆ ನಿಂತು ಕಣಿವೆ ನೋಡಿ ವಾಪಸ್ ಬರುತ್ತಾರೆ. ನೀವು ಒಳಗೆ ಹೋಗಿ. ಗೋಡೆಯ ಮೇಲಿನ ಚಿತ್ರಗಳಲ್ಲಿ ಕೆಲವನ್ನು ಬರೆದವರು ಶುಂಗೋಪಾವಿ ಊರಿನ ಹೋಪಿ ಕಲಾವಿದ ಫ್ರೆಡ್ ಕಬೋಟಿ. ಅಲ್ಲಿಂದ ಕಾಣುವ ಕಣಿವೆ ಹೋಪಿಗಳಿಗೆ ಸುಮ್ನೆ ಒಂದು ನೋಟ ಅಲ್ಲ. ಅವರ ಹಿರಿಯರು ಹಿಂದಿನ ಲೋಕದಿಂದ ಈಗಿನ ನಾಲ್ಕನೇ ಲೋಕಕ್ಕೆ ಮೇಲೆದ್ದು ಬಂದದ್ದು ಇದೇ ಕಣಿವೆಯೊಳಗಿನಿಂದ, ಲಿಟಲ್ ಕೊಲೊರಾಡೊ ನದಿಯ ದಡದ ಒಂದು ಜಾಗದಿಂದ, ಅನ್ನುವುದು ಅವರ ನಂಬಿಕೆ. ಸತ್ತವರು ಮರಳಿ ಹೋಗುವುದೂ ಅಲ್ಲಿಗೇ. ಉಪ್ಪು ತರಲು ಗಂಡಸರು ಕಣಿವೆಯೊಳಗೆ ಇಳಿಯುವ ಯಾತ್ರೆಯ ಹಾದಿಯೂ ಅಲ್ಲೇ ಇದೆ.

ಅಲ್ಲಿಂದ ಕ್ಯಾಮರಾನ್, ಆಮೇಲೆ ಟ್ಯೂಬಾ ಸಿಟಿ, ಅಲ್ಲಿಂದ 264ನೇ ನಂಬರಿನ ರಸ್ತೆ. ಅದೊಂದೇ ರಸ್ತೆಯಲ್ಲಿ ಹೋಗುತ್ತಿದ್ದರೆ ಮೊದಲು ಮೊಯೆನ್‌ಕೋಪಿ, ನಂತರ ಥರ್ಡ್ ಮೆಸಾ, ಸೆಕೆಂಡ್ ಮೆಸಾ, ಫಸ್ಟ್ ಮೆಸಾ ಅನ್ನುವ ಕ್ರಮದಲ್ಲಿ ಊರುಗಳು ಬರುತ್ತವೆ. ಮೆಸಾ ಅಂದರೆ ಚಪ್ಪಟೆ ತಲೆಯ ಬಂಡೆಗುಡ್ಡ. ಒಟ್ಟು ಹನ್ನೆರಡು ಊರು. ಫೀನಿಕ್ಸ್‌ನಿಂದ ನೇರ ಬರುವವರು ಫ್ಲಾಗ್‌ಸ್ಟಾಫ್ ಮೇಲೆ ಬಂದರೆ ನಾಲ್ಕು ಗಂಟೆಯಾದರೂ ಬೇಕು.

ಗಡಿಯಾರದ ವಿಷಯದಲ್ಲಿ ಹುಷಾರು. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ. ಹೋಪಿಗಳದ್ದೂ ಅರಿಜೋನಾ ಟೈಮ್. ಆದರೆ ಅವರ ನೆಲವನ್ನು ನಾಲ್ಕೂ ಕಡೆಯಿಂದ ಸುತ್ತುವರಿದಿರುವ, ಇನ್ನೊಂದು ಬುಡಕಟ್ಟಾದ ನವಾಹೋ ನೇಶನ್‌ನವರು ಬೇಸಿಗೆಯಲ್ಲಿ ಒಂದು ಗಂಟೆ ಮುಂದಿರುತ್ತಾರೆ. ಟ್ಯೂಬಾ ಸಿಟಿಯಲ್ಲಿ ಒಂದು ಟೈಮ್, ಪಕ್ಕದ ಮೊಯೆನ್‌ಕೋಪಿಯಲ್ಲಿ ಇನ್ನೊಂದು. ಫೋನ್ ಯಾವ ಟವರ್ ಹಿಡಿಯುತ್ತೋ ಆ ಟೈಮ್ ತೋರಿಸುತ್ತೆ. ಕೈಗೆ ಒಂದು ವಾಚ್ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಟೂರ್ ತಪ್ಪುತ್ತೆ.

ಇನ್ನೊಂದು ಮಾತು. ನವಾಹೋ ಬೇರೆ, ಹೋಪಿ ಬೇರೆ. ಭಾಷೆ ಬೇರೆ, ಆಚಾರ ಬೇರೆ, ಇಬ್ಬರ ಮಧ್ಯೆ ನೆಲದ ತಕರಾರು ಹಳೆಯದು. 1882ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ನಕ್ಷೆಯ ಮೇಲೆ ಒಂದು ಚೌಕ ಎಳೆದು ಇದು ಹೋಪಿಗಳಿಗೆ ಮತ್ತು ಸರ್ಕಾರ ನೆಲೆಗೊಳಿಸುವ ಇತರ ಇಂಡಿಯನ್ನರಿಗೆ ಅಂದುಬಿಟ್ಟರು. ಅಲ್ಲಿಂದ ಶುರುವಾದ ಜಗಳ 1974ರ ಕಾನೂನಿನವರೆಗೆ ಬಂತು, ನೆಲ ಪಾಲಾಯಿತು, ಹತ್ತು ಸಾವಿರಕ್ಕೂ ಜಾಸ್ತಿ ನವಾಹೋಗಳು ಮನೆ ಬಿಟ್ಟು ಎದ್ದು ಹೋಗಬೇಕಾಯಿತು. ಅಲ್ಲಿ ಯಾರ ಮುಂದೆಯೂ ಈ ವಿಷಯ ಎತ್ತಬೇಡಿ.

ಫೋಟೊ ಯಾಕೆ ಬೇಡ

ಗರ್ಭಗುಡಿಯ ಮುಂದೆ ಫೋನ್ ಎತ್ತಿದರೆ ಅರ್ಚಕರು ಗದರುತ್ತಾರಲ್ವಾ, ನಮಗೆ ಅದು ವಿವರಿಸಿ ಹೇಳಬೇಕಾದ ವಿಷಯವೇ ಅಲ್ಲ. ಆದರೆ ಹೋಪಿಗಳ ನಿಷೇಧದ ಹಿಂದೆ ಮಡಿಯ ಜೊತೆಗೆ ನೂರು ವರ್ಷದ ಕಹಿ ಅನುಭವವೂ ಇದೆ.

ಒರಾಯ್ಬಿಯ ಹತ್ತಿರ ಪಾಳುಬಿದ್ದ ಒಂದು ಚರ್ಚಿನ ಕಲ್ಲುಗೋಡೆ ಕಾಣುತ್ತೆ. ಕಟ್ಟಿಸಿದ್ದು ಎಚ್. ಆರ್. ವೋಟ್ ಅನ್ನುವ, ಮೆನೊನೈಟ್ ಕ್ರೈಸ್ತ ಪಂಗಡದ ಪಾದ್ರಿ. 1893ರಲ್ಲಿ ಬಂದ ಈತ ಧರ್ಮ ಪ್ರಚಾರಕ್ಕಿಂತ ಜಾಸ್ತಿ ಮಾಡಿದ್ದು ಇನ್ನೊಂದು ಕೆಲಸ. ಕಿವಾ ಅನ್ನುವ ನೆಲದೊಳಗಿನ ಪೂಜಾಕೋಣೆಗಳಿಗೆ ನುಗ್ಗಿ, ಹೊರಗಿನವರು ನೋಡಲೇಬಾರದ ಆಚರಣೆಗಳ ಫೋಟೊ ತೆಗೆದ, ಬರೆದುಕೊಂಡ, ಅಲ್ಲಿನ ವೇದಿಕೆಗಳ ನಕಲು ಮಾಡಿ ಶಿಕಾಗೊದ ಮ್ಯೂಸಿಯಂನಲ್ಲಿ ನಿಲ್ಲಿಸಿದ. ಆ ಚರ್ಚಿಗೆ 1942ರಲ್ಲಿ ಸಿಡಿಲು ಬಡಿಯಿತು. ಯಾರೂ ಮತ್ತೆ ಕಟ್ಟಲಿಲ್ಲ.

ಇನ್ನೊಂದು ಕಡೆ ರೈಲು ಬಂತು, ರೈಲಿನ ಜೊತೆ ಪ್ರವಾಸಿಗಳು. ಹಾವಿನ ಕುಣಿತ ಅನ್ನುವ ಹೋಪಿಗಳ ಆಚರಣೆ ನೋಡೋಕೆ ಜನ ಮಾಳಿಗೆಗಳ ಮೇಲೆ ಕ್ಯಾಮೆರಾ ಇಟ್ಟುಕೊಂಡು ಕೂರುತ್ತಿದ್ದರು. 1913ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಬಂದು ನೋಡಿ ಹೋದರು. 1992ರಲ್ಲಿ ಒಂದು ದೊಡ್ಡ ಕಾಮಿಕ್ಸ್ ಕಂಪನಿ ಹೋಪಿಗಳ ಪವಿತ್ರ ಚೇತನಗಳಾದ ಕತ್ಸಿನಗಳನ್ನು ಹೊಡೆದಾಡುವ ಪಾತ್ರಗಳಾಗಿ ಚಿತ್ರಿಸಿತು. ಜನ ರೊಚ್ಚಿಗೆದ್ದರು, ಆ ಸಂಚಿಕೆ ಹಿಂದಕ್ಕೆ ಹೋಯಿತು, ಆದರೆ ಅನೇಕ ಕುಣಿತಗಳ ಬಾಗಿಲು ಹೊರಗಿನವರಿಗೆ ಮುಚ್ಚಿತು. ಅದು ಇವತ್ತಿಗೂ ಪೂರ್ತಿ ತೆರೆದಿಲ್ಲ.

2013ರ ಏಪ್ರಿಲ್‌ನಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಪ್ಯಾರಿಸ್‌ನಲ್ಲಿ ಸುಮಾರು ಎಪ್ಪತ್ತು ಪವಿತ್ರ ವಸ್ತುಗಳನ್ನು ಹರಾಜಿಗಿಟ್ಟರು. ನಮಗೆ ಅವು ಮುಖವಾಡ, ಹೋಪಿಗಳು ಹಾಗೆ ಕರೆಯುವುದೇ ಇಲ್ಲ. ಅವು ಅವರಿಗೆ ಜೀವ ಇರುವ ಗೆಳೆಯರು. ಹರಾಜು ನಿಲ್ಲಿಸಿ ಅಂತ ಕೋರ್ಟಿಗೆ ಹೋದರು, ಕೋರ್ಟ್ ಒಪ್ಪಲಿಲ್ಲ, ಬಹುತೇಕ ಮಾರಾಟವಾದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೊಂದು ಹರಾಜು ನಡೆದಾಗ ಅನ್ನೆನ್‌ಬರ್ಗ್ ಫೌಂಡೇಶನ್ ಗುಟ್ಟಾಗಿ ಬಿಡ್ ಮಾಡಿ 24 ವಸ್ತುಗಳನ್ನು ಕೊಂಡಿತು. 21 ಹೋಪಿಗಳದ್ದು, ಮೂರು ಅಪಾಚಿ ಅನ್ನುವ ಮತ್ತೊಂದು ಬುಡಕಟ್ಟಿನದ್ದು, ಖರ್ಚು 5 ಲಕ್ಷ 30 ಸಾವಿರ ಡಾಲರ್. ಎಲ್ಲವನ್ನೂ ಅವರವರಿಗೆ ವಾಪಸ್ ಕೊಟ್ಟಿತು. ಇಂಥವು ದೇಶ ದಾಟದಂತೆ ತಡೆಯುವ ಕಾನೂನು ಅಮೆರಿಕದಲ್ಲಿ ಬಂದದ್ದು 2022ರ ಕೊನೆಗೆ.

ಹಾಗಾಗಿ ಒಬ್ಬ ಅಜ್ಜಿ ನಿಮ್ಮ ಫೋನ್ ಕಡೆ ನೋಡಿ ಹುಬ್ಬು ಗಂಟಿಕ್ಕಿದರೆ ಬೇಜಾರಾಗಬೇಡಿ. ಫೋನ್ ಜೇಬಿಗೆ ಹಾಕಿ, ಸಾರಿ ಅನ್ನಿ, ಮುಂದೆ ನಡೆಯಿರಿ.

ಪ್ರಶ್ನೆ ಯಾಕೆ ಬೇಡ

ನಮ್ಮವರಿಗೆ ಇದು ಕಷ್ಟ. ನಮಗೆ ಕುತೂಹಲ ಜಾಸ್ತಿ. ಇದು ಯಾವ ದೇವರು, ಯಾಕೆ ಈ ಬಣ್ಣ, ಕಿವಾದೊಳಗೆ ಏನು ಮಾಡುತ್ತೀರಿ, ಗೋತ್ರ ಇದೆಯಾ ನಿಮ್ಮಲ್ಲಿ? ಕುಲದ ಬಗ್ಗೆ ಕೇಳಬಹುದು, ಕರಡಿ, ಮೆಕ್ಕೆಜೋಳ, ಸೂರ್ಯ ಹೀಗೆ ಕುಲಗಳಿವೆ, ತಾಯಿಯ ಕುಲವೇ ಮಕ್ಕಳದ್ದು, ಸಾಮಾನ್ಯವಾಗಿ ಖುಷಿಯಾಗಿ ಹೇಳುತ್ತಾರೆ. ಬೇಸಾಯದ ಬಗ್ಗೆ ಎಷ್ಟು ಬೇಕಾದರೂ ಕೇಳಿ. ಆಚರಣೆಯ ಒಳಗಿನ ವಿಷಯ ಮಾತ್ರ ಬೇಡ. ಹೋಪಿಗಳಲ್ಲೇ ಒಂದು ಸಂಘದ ಆಚರಣೆ ಇನ್ನೊಂದು ಸಂಘದವರಿಗೆ ಗೊತ್ತಿರುವುದಿಲ್ಲ. ದೀಕ್ಷೆ ಆಗದ ಮಕ್ಕಳಿಗೆ ಹೇಳದ ವಿಷಯಗಳಿವೆ. ನಿಮಗೆ ಹೇಗೆ ಹೇಳುತ್ತಾರೆ?

ಈ ಗುಟ್ಟಿನಿಂದಲೇ ಅವರು ಕೋರ್ಟಿನಲ್ಲಿ ಸೋಲುತ್ತ ಬಂದರು ಅನ್ನುವುದು ನನ್ನ ಅಭಿಪ್ರಾಯ. ಸ್ವಲ್ಪ ಉದ್ದದ ಕಥೆ, ಆದರೆ ಹೋಗುವ ಮೊದಲು ತಿಳಿದಿರಬೇಕು.

ಫ್ಲಾಗ್‌ಸ್ಟಾಫ್‌ನ ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಪೀಕ್ಸ್ ಅನ್ನುವ ಬೆಟ್ಟಸಾಲು ಇದೆ, ಅತಿ ಎತ್ತರದ ತುದಿ 12,633 ಅಡಿ. ಹೋಪಿ ಊರುಗಳಿಂದ ನೋಡಿದರೆ ನೈರುತ್ಯದಲ್ಲಿ, ಕ್ಷಿತಿಜದ ಮೇಲೆ ನೀಲಿಯಾಗಿ ಕಾಣುತ್ತೆ. ಕತ್ಸಿನಗಳು ಅಲ್ಲಿ ಇರುತ್ತವೆ. ಕತ್ಸಿನ ಅಂದರೆ ಮಳೆ ತರುವ, ಬೆಳೆ ಕಾಯುವ ಚೇತನಗಳು, ಮೋಡವಾಗಿ ಬರುವ ಹಿರಿಯರು ಅಂತಲೂ ಹೇಳುತ್ತಾರೆ. ಚಳಿಗಾಲದಲ್ಲಿ ಊರಿಗೆ ಬಂದು, ಬೇಸಿಗೆಯ ನಡುವೆ ನೀಮಾನ್ ಆಚರಣೆಯಾದ ಮೇಲೆ ಬೆಟ್ಟಕ್ಕೆ ಮರಳುತ್ತವೆ. ವರ್ಷಕ್ಕೆ ಹತ್ತಿಂಚು ಮಳೆ ಬೀಳುವ ಕಡೆ, ನೀರಾವರಿ ಇಲ್ಲದೆ, ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುವ ಜನರಿಗೆ ಆ ಬೆಟ್ಟ ಏನು ಅನ್ನುವುದು ಇದರ ಮೇಲೆ ವಿವರಿಸಬೇಕಿಲ್ಲ.

ಅದೇ ಬೆಟ್ಟದ ಮೇಲೆ 1938ರಿಂದ ಸ್ನೋಬೌಲ್ ಅನ್ನುವ ಸ್ಕೀ ಮೈದಾನ ಇದೆ. ನೆಲ ಫೆಡರಲ್ ಸರ್ಕಾರದ ಅರಣ್ಯ ಇಲಾಖೆಯದ್ದು. 1979ರಲ್ಲಿ ಮೈದಾನ ದೊಡ್ಡದು ಮಾಡಲು ಇಲಾಖೆ ಒಪ್ಪಿತು, ಹೋಪಿ ಮತ್ತು ನವಾಹೋಗಳು ಕೋರ್ಟಿಗೆ ಹೋದರು. 1983ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಬೆಟ್ಟ ಪವಿತ್ರ, ಒಪ್ಪಿದೆವು, ಆದರೆ ಈ ನಿರ್ದಿಷ್ಟ ಜಾಗ ಬಿಟ್ಟರೆ ಬೇರೆಲ್ಲೂ ಮಾಡೋಕೆ ಆಗದ ಆಚರಣೆ ಯಾವುದು, ತೋರಿಸಿ. ಈಗ ಅವರು ಏನು ತೋರಿಸಬೇಕು? ಎಲ್ಲಿ ಗುಡಿ ಇದೆ, ಯಾವ ಗಿಡ ಕೀಳುತ್ತೇವೆ, ಏನು ಇಡುತ್ತೇವೆ ಅನ್ನುವುದನ್ನು ಕೋರ್ಟಿನ ದಾಖಲೆಗೆ, ಅಂದರೆ ಯಾರು ಬೇಕಾದರೂ ಓದುವ ಕಾಗದಕ್ಕೆ, ಹಾಕಬೇಕು. ಹೇಳಿದರೆ ಆಚರಣೆ ಕೆಡುತ್ತೆ. ಹೇಳದಿದ್ದರೆ ಕೇಸ್ ಬೀಳುತ್ತೆ. ಕೇಸ್ ಬಿತ್ತು.

2005ರಲ್ಲಿ ಮತ್ತೊಂದು. ಹಿಮ ಕಡಿಮೆಯಾಗುತ್ತಿದೆ, ಕೃತಕ ಹಿಮ ಮಾಡುತ್ತೇವೆ, ನೀರಿಗೆ ಫ್ಲಾಗ್‌ಸ್ಟಾಫ್ ಊರಿನ ಚರಂಡಿ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ಏರಿಸುತ್ತೇವೆ ಅಂದರು. ದಿನಕ್ಕೆ 15 ಲಕ್ಷ ಗ್ಯಾಲನ್‌ವರೆಗೆ. 2007ರಲ್ಲಿ ಮೂವರು ಜಡ್ಜ್‌ಗಳ ಪೀಠ ಬುಡಕಟ್ಟುಗಳ ಪರ ತೀರ್ಪು ಕೊಟ್ಟಿತು. 2008ರಲ್ಲಿ ದೊಡ್ಡ ಪೀಠ 8-3ರಿಂದ ಅದನ್ನು ತಿರುಗಿಸಿತು. ನಿಮ್ಮ ಭಾವನೆಗೆ ನೋವಾಗಿರಬಹುದು, ಆದರೆ ನಂಬಿಕೆ ಬಿಡಿ ಅಂತ ಸರ್ಕಾರ ಯಾರನ್ನೂ ಒತ್ತಾಯಿಸಿಲ್ಲವಲ್ಲ, ಅನ್ನುವ ಅರ್ಥದ ತೀರ್ಪು. 2009ರಲ್ಲಿ ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲಿಲ್ಲ. 2012ರ ಚಳಿಗಾಲದಿಂದ ಆ ನೀರು ಹಿಮವಾಗಿ ಬೀಳುತ್ತಿದೆ. ಹೋಪಿಗಳು ಬೇರೆ ಕಾನೂನಿನಡಿ ಮತ್ತೆ ಪ್ರಯತ್ನಪಟ್ಟರು, 2018ರಲ್ಲಿ ಅರಿಜೋನಾ ಸುಪ್ರೀಂ ಕೋರ್ಟಿನಲ್ಲೂ ಸೋತರು.

ಎಲ್ಲ ಸೋಲೇ ಅಂತಲ್ಲ. ಅದೇ ಬೆಟ್ಟದ ಮಗ್ಗುಲಲ್ಲಿ ವೈಟ್ ವಲ್ಕನ್ ಅನ್ನುವ ಗಣಿ ಇತ್ತು, ಜೀನ್ಸ್ ಪ್ಯಾಂಟಿಗೆ ಹಳೆಯ ಮಾಸಲು ಬಣ್ಣ ಬರಿಸೋಕೆ ಉಜ್ಜುವ ಕಲ್ಲು ತೆಗೆಯೋಕೆ. ಹೌದು, ಜೀನ್ಸ್‌ಗೆ! 2000ದಲ್ಲಿ ಸರ್ಕಾರ ಕಂಪನಿಗೆ ಹತ್ತು ಲಕ್ಷ ಡಾಲರ್ ಕೊಟ್ಟು ಅದನ್ನು ಮುಚ್ಚಿಸಿತು. 2023ರ ಆಗಸ್ಟ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಸುತ್ತ ಸುಮಾರು ಒಂಬತ್ತು ಲಕ್ಷ ಎಕರೆ ರಾಷ್ಟ್ರೀಯ ಸ್ಮಾರಕ ಅಂತ ಘೋಷಣೆಯಾಯಿತು, ಹೊಸ ಯುರೇನಿಯಂ ಗಣಿಗಳನ್ನು ತಡೆಯೋಕೆ. ಆ ಸ್ಮಾರಕದ ಹೆಸರಿನ ಒಂದು ಭಾಗ ಹೋಪಿ ಭಾಷೆಯದ್ದೇ, ಇತಾ ಕುಕ್ವೇನಿ.

ನೀರು ತುಂಬಿಕೊಂಡು ಹೋಗಿ

ಕುಡಿಯುವ ನೀರು ನಿಮ್ಮ ಜೊತೆಯೇ ಇರಲಿ. ಮೆಸಾಗಳ ಬಾವಿನೀರಿನಲ್ಲಿ ಆರ್ಸೆನಿಕ್ ಸಮಸ್ಯೆ ಎಷ್ಟೋ ವರ್ಷ ಕಾಡಿದೆ. ಅದಕ್ಕಿಂತ ದೊಡ್ಡ ಕಾರಣ, ನೀರು ಅಲ್ಲಿ ನೋಡಿ ನೋಡಿ ಬಳಸುವ ವಸ್ತು.

ಮೆಸಾಗಳ ಉತ್ತರಕ್ಕಿರುವ ಬ್ಲ್ಯಾಕ್ ಮೆಸಾದಲ್ಲಿ 1960ರ ದಶಕದಲ್ಲಿ ಪೀಬಾಡಿ ಕಂಪನಿ ಕಲ್ಲಿದ್ದಲಿಗೆ ಗುತ್ತಿಗೆ ಹಿಡಿಯಿತು. ಹೋಪಿಗಳ ಪರವಾಗಿ ಮಾತುಕತೆಗೆ ಕೂತ ವಕೀಲ ಜಾನ್ ಬಾಯ್ಡನ್ ಅದೇ ಕಾಲದಲ್ಲಿ ಪೀಬಾಡಿಯ ಕೆಲಸವನ್ನೂ ಮಾಡುತ್ತಿದ್ದ ಅನ್ನುವುದು ಮುಂದೆ ದಾಖಲೆಗಳಿಂದ ಹೊರಬಂತು. ಕಲ್ಲಿದ್ದಲು ಪುಡಿಮಾಡಿ, ನೆಲದಾಳದ ಶುದ್ಧ ನೀರು ಬೆರೆಸಿ, 273 ಮೈಲಿ ಪೈಪಿನಲ್ಲಿ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ತಳ್ಳುತ್ತಿದ್ದರು. ವರ್ಷಕ್ಕೆ ನೂರು ಕೋಟಿ ಗ್ಯಾಲನ್‌ಗೂ ಜಾಸ್ತಿ ನೀರು ಹೀಗೆ ಹೋಗುತ್ತಿತ್ತು. ಊರ ಬುಗ್ಗೆಗಳು ಸೊರಗಿದವು, ಅದು ಪಂಪಿಂಗ್‌ನಿಂದಲೇ ಅಂತ ಹೋಪಿಗಳು ಹೇಳುತ್ತ ಬಂದರು. ಹೋಪಿ ಬುಡಕಟ್ಟಿನ ಮಾಜಿ ಅಧ್ಯಕ್ಷ ವರ್ನನ್ ಮಸಾಯೆಸ್ವಾ 1998ರಲ್ಲಿ ಬ್ಲ್ಯಾಕ್ ಮೆಸಾ ಟ್ರಸ್ಟ್ ಕಟ್ಟಿ ಹೋರಾಡಿದರು. 2005ರ ಕೊನೆಗೆ ಆ ಸ್ಥಾವರ ಮುಚ್ಚಿತು, ಪೈಪೂ ನಿಂತಿತು. ಮರುವರ್ಷ ಹೋಪಿ ಓಟಗಾರರು ಸೋರೆಬುರುಡೆಯಲ್ಲಿ ನೀರು ಹಿಡಿದು ಮೆಕ್ಸಿಕೊ ಸಿಟಿಯ ವಿಶ್ವ ಜಲ ಸಮ್ಮೇಳನದವರೆಗೆ ಸರದಿಯಲ್ಲಿ ಓಡಿದರು.

ಆದರೆ ಇದನ್ನು ಒಳ್ಳೆಯವರು ಗೆದ್ದ ಕಥೆ ಅಂತ ಓದಬೇಡಿ. ಹೋಪಿ ಸರ್ಕಾರದ ಆದಾಯದ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತಿತ್ತು. 2019ರಲ್ಲಿ ಉಳಿದ ಗಣಿಯೂ ಮುಚ್ಚಿದಾಗ ಸಂಬಳಕ್ಕೂ ಕಷ್ಟ ಬಂತು. ಊರಲ್ಲಿ ಇದರ ಬಗ್ಗೆ ಎರಡು ಮಾತು ಇದೆ, ಎರಡನ್ನೂ ಸುಮ್ಮನೆ ಕೇಳಿಸಿಕೊಳ್ಳಿ.

ಅಲ್ಲಿ ಏನು ಮಾಡಬೇಕು

ಸೆಕೆಂಡ್ ಮೆಸಾದ ಹೋಪಿ ಕಲ್ಚರಲ್ ಸೆಂಟರ್‌ಗೆ ಮೊದಲು ಹೋಗಿ. ಉಳಿಯಲು ಕೋಣೆ, ಊಟ, ಮ್ಯೂಸಿಯಂ ಎಲ್ಲ ಒಂದೇ ಕಡೆ. ಯಾವ ಊರು ಇವತ್ತು ಹೊರಗಿನವರಿಗೆ ತೆರೆದಿದೆ, ಗೈಡ್ ಯಾರು ಸಿಗುತ್ತಾರೆ ಅಂತ ಅಲ್ಲೇ ವಿಚಾರಿಸಿ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ನೊಕ್ವಿವಿ ಅನ್ನುವ ಹೆಸರಾದ ಸಾರಿನಲ್ಲಿ ಮೆಕ್ಕೆಜೋಳದ ಜೊತೆ ಕುರಿಮಾಂಸ ಇರುತ್ತೆ. ಕರಿದ ರೊಟ್ಟಿಗೆ ಯಾವ ಎಣ್ಣೆ ಅಂತ ಕೇಳಿ. ನೀಲಿ ಮೆಕ್ಕೆಜೋಳದ ಪ್ಯಾನ್‌ಕೇಕ್ ಇದ್ದರೆ ಬಿಡಬೇಡಿ. ಅಪ್ಪ ಅಮ್ಮನಿಗೆ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ಕ್ಷೇಮ.

ಫಸ್ಟ್ ಮೆಸಾದ ತುದಿಯಲ್ಲಿರುವ ವಾಲ್ಪಿಗೆ ಗೈಡ್ ಜೊತೆ ಮಾತ್ರ ಹೋಗಬಹುದು. ಕಲ್ಲು ಮಣ್ಣಿನ ಮನೆಗಳು ಬಂಡೆಯ ಅಂಚಿಗೇ ಅಂಟಿಕೊಂಡಿವೆ, ಕರೆಂಟಿಲ್ಲ, ನಲ್ಲಿಯಿಲ್ಲ, ಅದು ಊರವರೇ ಹಾಗೆ ಇರಲಿ ಅಂತ ಇಟ್ಟುಕೊಂಡದ್ದು. ಪಾಪ ಅನ್ನುವ ಮುಖ ಮಾಡಬೇಡಿ.

ಮೆಸಾದ ಕೆಳಗೆ ಮರಳಿನಲ್ಲಿ ಮೆಕ್ಕೆಜೋಳದ ಗದ್ದೆ ಕಾಣುತ್ತೆ. ಮೊಳಕಾಲೆತ್ತರದ ಪೊದೆಯ ಹಾಗೆ, ಒಂದು ಬುಡಕ್ಕೂ ಇನ್ನೊಂದಕ್ಕೂ ಹಲವು ಹೆಜ್ಜೆ ದೂರ. ಕೋಲಿನಿಂದ ಅಡಿಯಾಳ ಗುಳಿ ತೋಡಿ, ತಳದ ತೇವ ಸಿಕ್ಕಿದ ಮೇಲೆ ಒಂದೇ ಗುಳಿಗೆ ಹತ್ತಾರು ಕಾಳು ಬಿಡುತ್ತಾರೆ. ಕೆಲವು ಹುಳುವಿಗೆ, ಕೆಲವು ಇಲಿಗೆ, ಉಳಿದದ್ದು ನಮಗೆ. ಈ ನೆಲದ ಒಡೆಯ ಮಾಸಾವ್ ಅವರ ಹಿರಿಯರಿಗೆ ಕೊಟ್ಟದ್ದು ನೆಡುವ ಕೋಲು, ಬೀಜ, ನೀರಿನ ಬುರುಡೆ ಇಷ್ಟೇ, ಇಷ್ಟರಲ್ಲಿ ಬದುಕುವುದಾದರೆ ಇರಿ ಅಂದನಂತೆ. ಗದ್ದೆಯೊಳಗೆ ಕಾಲಿಡಬೇಡಿ.

ಪಿಕಿ ಸಿಕ್ಕರೆ ತಿನ್ನಿ. ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಬೂದಿ ಬೆರೆಸಿ ನೀರಾಗಿ ಕಲಸಿ, ಕಾದ ನುಣುಪು ಕಲ್ಲಿನ ಮೇಲೆ ಬರಿಗೈಯಲ್ಲಿ ಸರ್ರನೆ ಸವರುತ್ತಾರೆ. ಕ್ಷಣದಲ್ಲಿ ಕಾಗದದಷ್ಟು ತೆಳ್ಳಗಿನ ಹಾಳೆ ಏಳುತ್ತೆ, ಅದನ್ನು ಸುರುಳಿ ಸುತ್ತುತ್ತಾರೆ. ಬಾಯಿಗೆ ಹಾಕಿದರೆ ಪುಡಿಪುಡಿ. ಮಾಡುವ ಹೆಂಗಸಿನ ಬೆರಳ ತುದಿ ನೋಡಿದರೆ ಬೆಲೆ ಜಾಸ್ತಿಯಾಯಿತು ಅನ್ನಿಸುವುದಿಲ್ಲ.

ಕೊಳ್ಳುವುದಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ. ಎಷ್ಟೋ ಮನೆಗಳ ಮುಂದೆ ಬೋರ್ಡ್ ಇರುತ್ತೆ. ಕಾಟನ್‌ವುಡ್ ಮರದ ಬೇರಿನಲ್ಲಿ ಕೆತ್ತಿದ ಕತ್ಸಿನ ಗೊಂಬೆ, ಬೆಳ್ಳಿಯ ಮೇಲೆ ಬೆಳ್ಳಿ ಕೂರಿಸಿದ ಒಡವೆ, ಫಸ್ಟ್ ಮೆಸಾದ ಮಡಕೆ, ಸೆಕೆಂಡ್ ಮೆಸಾದ ಸುರುಳಿ ಹೆಣಿಗೆಯ ಬುಟ್ಟಿ. ಚೌಕಾಸಿ ಬೇಡ, ದುಡ್ಡು ಸಾಲದಿದ್ದರೆ ಚಿಕ್ಕದು ಕೊಳ್ಳಿ. ಹೆದ್ದಾರಿ ಅಂಗಡಿಗಳ ಅಗ್ಗದ ಗೊಂಬೆ ಬಹಳಷ್ಟು ಸಲ ಹೋಪಿಗಳು ಮಾಡಿದ್ದಲ್ಲ. ನೆಲದ ಮೇಲೆ ಬಿದ್ದ ಹಳೆಯ ಮಡಕೆ ಚೂರನ್ನು ಮಕ್ಕಳು ಎತ್ತಿಕೊಳ್ಳದಂತೆ ನೋಡಿಕೊಳ್ಳಿ, ಅದು ಕಾನೂನಿನ ಪ್ರಕಾರವೂ ಅಪರಾಧ.

ಕುಣಿತಕ್ಕೆ ಯಾರಾದರೂ ಕರೆದರೆ ಮಾತ್ರ ಹೋಗಿ. ಭುಜ, ಮೊಳಕಾಲು ಮುಚ್ಚುವ ಬಟ್ಟೆ ಹಾಕಿ. ಮುಂದಿನ ಸಾಲಿನ ಖಾಲಿ ಕುರ್ಚಿ ಮನೆಯವರದ್ದು, ಕೂರಬೇಡಿ. ಚಪ್ಪಾಳೆ ಬೇಡ, ಪ್ರದರ್ಶನ ಅಲ್ಲ ಅದು. ಹೊರಗಿನವರಿಗೆ ಇಲ್ಲ ಅಂತ ಬೋರ್ಡ್ ಹಾಕಿದ್ದರೆ ಗಾಡಿ ತಿರುಗಿಸಿ, ನಾವೂ ಇಂಡಿಯನ್ಸೇ ಅನ್ನುವ ಜೋಕು ಗೇಟಿನಲ್ಲಿ ನಿಂತವರು ಆಗಲೇ ಕೇಳಿರುತ್ತಾರೆ.

ವಾಟ್ಸಾಪ್‌ನಲ್ಲಿ ಬರುವ ಹೋಪಿ ಭವಿಷ್ಯವಾಣಿಗಳನ್ನು ಹಿಡಿದುಕೊಂಡು ಹೋಗಬೇಡಿ. ಹೋಪಿ ಹಿರಿಯರು ಜಗತ್ತಿಗೆ ಎಚ್ಚರಿಕೆ ಹೇಳಿದ್ದು ನಿಜ. ಅವರ ವಕ್ತಾರ ಥಾಮಸ್ ಬನ್ಯಾಕ್ಯಾ ವರ್ಷಗಟ್ಟಲೆ ವಿಶ್ವಸಂಸ್ಥೆಯ ಬಾಗಿಲು ತಟ್ಟಿ 1992ರ ಡಿಸೆಂಬರ್‌ನಲ್ಲಿ ಅಲ್ಲಿ ಮಾತಾಡಿದರು. ಆದರೆ ಹೋಪಿಗಳ ಹೆಸರಲ್ಲಿ ಈಗ ಸುತ್ತುವ ನಕ್ಷತ್ರ, ಪ್ರಳಯದ ಮೆಸೇಜುಗಳಲ್ಲಿ ಬಹಳಷ್ಟು ಯಾರೋ ಹೊಸೆದದ್ದು.

ವಾಪಸ್ ಬರುವಾಗ ಫ್ಲಾಗ್‌ಸ್ಟಾಫ್‌ನಲ್ಲಿ ಉಳಿದರೆ ಮಕ್ಕಳು ಹಿಮ ಆಡಬೇಕು ಅನ್ನುತ್ತಾರೆ. ಸ್ನೋಬೌಲ್‌ಗೆ ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನಂತೂ ಬೇಡ ಅನ್ನುತ್ತೇನೆ. ಮನೆಗೆ ಬಂದು ರಿವ್ಯೂ ಬರೆಯುವುದಾದರೆ ಊಟದ ಬಗ್ಗೆ, ಗೈಡ್ ಬಗ್ಗೆ, ಕೊಂಡ ಬುಟ್ಟಿಯ ಬಗ್ಗೆ ಧಾರಾಳವಾಗಿ ಬರೆಯಿರಿ. ದಾರಿಯಲ್ಲಿ ಎಲ್ಲಾದರೂ ಕಲ್ಲುಗುಪ್ಪೆಯ ಪಕ್ಕ ಪ್ರಾರ್ಥನೆಗೆ ಇಟ್ಟ, ಗರಿ ಕಟ್ಟಿದ ಕಡ್ಡಿ ಕಂಡಿದ್ದರೆ ಅದು ಎಲ್ಲಿತ್ತು ಅಂತ ಮಾತ್ರ ಬರೆಯಬೇಡಿ, ಮ್ಯಾಪಿನಲ್ಲಿ ಪಿನ್ ಹಾಕಬೇಡಿ.